ಮೂರು ದನಿಗೆ ಒಂದೇ ಕಿಂಡಿ

ಅಪ್ಪನ ಕಿವಿ ಕಾರಟಗಿಯ ಅಕ್ಕಿ ಗಿರಣಿಯಲ್ಲೇ ಉಳಿಯಿತು. ಉಳಿದ ಮೈ ಕೆಲಸ ಬಿಟ್ಟು ಗಂಗಾವತಿಯ ಮನೆಗೆ ಬಂತು. ಈ ಮಾತನ್ನು ಅವನ ಎದುರಿಗೆ ಆಡುವಂತಿಲ್ಲ. ಅವನ ಪ್ರಕಾರ ಅವನಿಗೆ ಎಲ್ಲ ಕೇಳಿಸುತ್ತದೆ, ಈಗಿನ ಜನ ಬಾಯಿ ಬಿಟ್ಟು ಮಾತಾಡುವುದಿಲ್ಲ ಅಷ್ಟೆ. ಕಿವಿಗೆ ಹಾಕುವ ಮಷೀನು ತಂದುಕೊಟ್ಟಿದ್ದೆವು. ಹಾಕಿಕೊಂಡ ದಿನವೇ ಕುಕ್ಕರು ಕೂಗಿತು. ಅಪ್ಪ ಬೆಚ್ಚಿಬಿದ್ದು ಅದನ್ನು ಕಿತ್ತು ಅಲಮಾರಿಯಲ್ಲಿ ಇಟ್ಟ. ಅದು ಈಗಲೂ ಅಲ್ಲಿದೆ.

ಹೆಡ್‌ಫೋನಿಗೆ ಮಾತ್ರ ಅವನ ತಕರಾರಿರಲಿಲ್ಲ. ಅದು ಕಿವುಡರ ಸಾಮಾನಲ್ಲ, ಹಾಡು ಕೇಳುವವರ ಸಾಮಾನು. ಗಿರಣಿಯಲ್ಲಿದ್ದಾಗ ಆಸೆಪಟ್ಟು ಕೊಂಡ ಕಪ್ಪು ಆಂಪ್ಲಿಫೈಯರ್ ಒಂದು ಸ್ಪೀಕರುಗಳ ಸಮೇತ ನಮ್ಮ ಶೋಕೇಸಿನಲ್ಲಿ ಕೂತಿತ್ತು. ತೆಳುವಾದ ದನಿಗಳನ್ನು ಮೇಲೆತ್ತುವ ಗುಂಡಿ ಅದರಲ್ಲಿದೆ. ಗಿರಣಿ ಅಪ್ಪನಿಂದ ಕಿತ್ತುಕೊಂಡದ್ದು ನಿಖರವಾಗಿ ಆ ತೆಳು ದನಿಗಳನ್ನೇ. ಗುಂಡಿಯನ್ನು ಪೂರ್ತಿ ತಿರುಗಿಸಿ, ಹೆಡ್‌ಫೋನ್ ಸಿಕ್ಕಿಸಿ ಕೂರಿಸಿದರೆ ಅವನಿಗೆ ಮಾತು ಮಾತಾಗಿ ಕೇಳಿಸುತ್ತಿತ್ತು. ಕಂಪ್ಯೂಟರಿಗೇ ನೇರವಾಗಿ ಸಿಕ್ಕಿಸಿ ನೋಡಿದ್ದೆ, ಆ ಬಡಕಲು ಸದ್ದು ಅವನ ಕಿವಿಯ ಬಾಗಿಲನ್ನೂ ಮುಟ್ಟಲಿಲ್ಲ.

ಕಂಪ್ಯೂಟರ್ ಬೇಕಾದದ್ದು ಅತ್ತೆಗಾಗಿ. ಅತ್ತೆ ಅಂದರೆ ಅಪ್ಪನ ಅಕ್ಕ, ಕುಷ್ಟಗಿಯಲ್ಲಿರುವವಳು. ಮೊಣಕಾಲು ನೋವು, ಬಸ್ಸು ಹತ್ತುವುದಾಗುವುದಿಲ್ಲ. ದಿನಾ ಸಂಜೆ ದೇವರಿಗೆ ದೀಪ ಹಚ್ಚಿ, ಮಗನ ಫೋನಿನಿಂದ ವಿಡಿಯೊ ಕರೆ ಮಾಡುತ್ತಾಳೆ. ಅಪ್ಪನನ್ನು ಎತ್ತಿ ಆಡಿಸಿದವರಲ್ಲಿ ಈಗ ಉಳಿದಿರುವವಳು ಅವಳೊಬ್ಬಳೇ. ದಿನವಿಡೀ ಒಂದು ಪದ, ಅರ್ಧ ಪದದಲ್ಲಿ ಮುಗಿಸುವ ಅಪ್ಪ ಪೂರ್ತಿ ವಾಕ್ಯ ಆಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಅದೊಂದು ಹೊತ್ತು ತಪ್ಪಬಾರದು ಎಂಬುದಷ್ಟೇ ನನಗೆ ಬೇಕಾದದ್ದು.

ತಪ್ಪಿಸುತ್ತಿದ್ದದ್ದು ಒಂದು ಕಿಂಡಿ. ಆ ಆಂಪ್ಲಿಫೈಯರಿನ ಬೆನ್ನಿಗೆ ಡಿಜಿಟಲ್ ಸದ್ದು ಒಳಗೆ ಹೋಗಲು ಇರುವುದು ಒಂದೇ ತೂತು. ಬೆಳಕಿನಲ್ಲಿ ಸದ್ದು ಹೊತ್ತು ತರುವ ತೆಳ್ಳನೆಯ ವೈರು ಅಲ್ಲಿಗೆ ಸಿಕ್ಕುತ್ತದೆ. ಇನ್ನೊಂದು ತುದಿ ಕೈಯಲ್ಲಿ ಹಿಡಿದು ನೋಡಿದರೆ ಕೆಂಪು ಚುಕ್ಕಿ ಕಾಣುತ್ತದೆ. ಆದರೆ ನಮ್ಮ ಮನೆಯಲ್ಲಿ ಬಾಯಿ ಮೂರು: ಅವ್ವನ ಧಾರಾವಾಹಿಯ ಟಿ.ವಿ., ಅತ್ತೆ ಬರುವ ಕಂಪ್ಯೂಟರ್, ಅಪ್ಪನ ತತ್ವಪದದ ಡಿಸ್ಕುಗಳಿಗೆಂದು ಇಟ್ಟ ಹಳೆಯ ಡಿ.ವಿ.ಡಿ. ಪ್ಲೇಯರ್. ಯಾರಿಗೆ ಏನು ಬೇಕೋ ಅವರು ಶೋಕೇಸಿನ ಹಿಂದೆ ಕೈ ತೂರಿಸಿ ವೈರು ಕಿತ್ತು ಇನ್ನೊಂದಕ್ಕೆ ಹಾಕಬೇಕು. ಬಗ್ಗಿಸಿದರೆ ಆ ವೈರು ಒಳಗೇ ಮುರಿಯುತ್ತದೆ, ಹೊರಗೆ ಗಾಯ ಕಾಣುವುದಿಲ್ಲ. ಅವ್ವ ಟಿ.ವಿ.ಗೆ ಹಾಕಿ ಮರೆತಳೋ, ಅಪ್ಪ ಪರದೆಯ ಮುಂದೆ ಅಕ್ಕನ ತುಟಿ ನೋಡುತ್ತ, ಏನೂ ಕೇಳದೆ, "ಆಗಲಿ ಅಕ್ಕಾ, ಛಲೋ ಆತು" ಅನ್ನುತ್ತ ಕೂರುತ್ತಿದ್ದ.

ಕೇಳಿಸಲಿಲ್ಲ ಎಂದು ಹೇಳಲು ಏನು ಧಾಡಿ ಎಂದು ನಾನು ಎಷ್ಟೋ ಸಲ ಜಗಳ ತೆಗೆದಿದ್ದೇನೆ. ಅಪ್ಪನ ಉತ್ತರ ಬದಲಾಗಲೇ ಇಲ್ಲ. ದೊಡ್ಡಾಕಿ ಒಂದು ಮಾತು ಹೇಳಿದ ಮೇಲೆ ಮತ್ತೆ ಹೇಳು ಅನ್ನಬಾರದು, ಅದು ಅವಳ ಮಾತಿಗೆ ಲಕ್ಷ್ಯ ಕೊಡಲಿಲ್ಲ ಅಂದಂತೆ. ಕೇಳದೆಯೇ ಒಪ್ಪಿಬಿಡುವುದು ಯಾವ ಲಕ್ಷ್ಯ ಎಂದರೆ ಎದ್ದು ಹೋಗುತ್ತಿದ್ದ.

ನಾನು ಕೊಪ್ಪಳದಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಚೀಟಿಯಲ್ಲಿ ಯಾವುದು ಬಂದರೂ ಎದ್ದು ನಿಂತು ಮಾತಾಡಬೇಕು. ಅಲ್ಲಿ ಮೊದಲು ಕಲಿಸುತ್ತಿದ್ದದ್ದು ಶಿಸ್ತು: ಮೈಕು ಒಂದೇ, ಹಿಡಿದವನು ಬಿಡುವವರೆಗೆ ಉಳಿದವರು ಕಾಯಬೇಕು, ಯಾರ ಸರದಿ ಎಂದು ಹೇಳಲು ನಡುವೆ ಒಬ್ಬ ನಿರ್ವಾಹಕ ಇರಬೇಕು. ನಮ್ಮ ಶೋಕೇಸಿಗೆ ಬೇಕಾದದ್ದು ಅಂಥ ಒಬ್ಬ ನಿರ್ವಾಹಕ ಎಂದು ನನಗೆ ಹೊಳೆಯಿತು.

ರೆಡಿಮೇಡ್ ಪೆಟ್ಟಿಗೆಗಳು ಆನ್‌ಲೈನಿನಲ್ಲಿ ಇದ್ದವು. ಹೊಗಳಿದವರೂ ಬೈದವರೂ ಒಂದೇ ಕೈ ಬರೆದಂತೆ ಬರೆದಿದ್ದರು, ನಾನು ಎರಡನ್ನೂ ನಂಬಲಿಲ್ಲ. ಗಂಗಾವತಿಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ, ಮೂರು ವೈರು ಒಳಗೆ ಬಂದು ಒಂದು ಹೊರಗೆ ಹೋಗುವಂಥದ್ದು ಬೇಕು ಅಂದೆ. ಅಂಗಡಿಯವರು ಒಂದು ಒಳಗೆ ಬಂದು ಮೂರು ಹೊರಗೆ ಹೋಗುವುದನ್ನು ತಂದಿಟ್ಟರು.

"ಇದು ಹಂಚೂದುರೀ. ನನಗ ಆರಿಸೂದು ಬೇಕು" ಅಂದೆ.

"ಉಲ್ಟಾ ಹಾಕ್ರಿ ಮೇಡಂ, ನಡೀತೈತಿ."

"ಕಾಲುವಿ ನೀರು ಮೂರು ಹೊಲಕ್ಕ ಹಂಚಬಹುದುರೀ. ಮೂರೂ ಹೊಲದ ನೀರು ತಿರುಗಿ ಒಂದು ಕಾಲುವಿಗೆ ಬಿಟ್ರ ಯಾವ ನೀರು ಯಾರದಂತ ಹೆಂಗ ಗೊತ್ತಾಗಬೇಕು?"

ಅವರು ಪಕ್ಕದಲ್ಲಿದ್ದ ಗಿರಾಕಿಯ ಮುಖ ನೋಡಿದರು. ಗಿರಾಕಿ, ಮೇಡಂ ಅವರ ಹೊಲ ಎಲ್ಲಿ ಐತ್ರಿ ಎಂದು ಕೇಳಿದ. ವಾದದಲ್ಲಿ ಗೆದ್ದು ಬರಿಗೈಯಲ್ಲಿ ಮನೆಗೆ ಬಂದೆ. ನನ್ನ ಗೆಲುವುಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ.

ಬಿಡಿಭಾಗಗಳನ್ನು ಕೊರಿಯರಿನಲ್ಲಿ ತರಿಸಿದೆ. ಬೆಳಕನ್ನು ವಿದ್ಯುತ್ತಾಗಿ ಮಾಡುವ ಮೂರು ಪುಟ್ಟ ಕರಿ ಗೂಡುಗಳು, ವಿದ್ಯುತ್ತನ್ನು ಮತ್ತೆ ಬೆಳಕಾಗಿ ಮಾಡಿ ಆಂಪ್ಲಿಫೈಯರಿಗೆ ಕಳಿಸುವ ಒಂದು ಗೂಡು, ಮೂರರಲ್ಲಿ ಒಂದನ್ನು ಮಾತ್ರ ದಾಟಲು ಬಿಡುವ ಐ.ಸಿ. ಚಿಪ್ಪು, ಯಾವುದನ್ನು ಬಿಡಬೇಕೆಂದು ಅದಕ್ಕೆ ಹೇಳಲು ಪ್ರೋಗ್ರಾಮ್ ತುಂಬುವ ಒಂದು ಸಣ್ಣ ಬೋರ್ಡು. ಕೇಳಲು ಸುಲಭ. ಬೆಸುಗೆ ಹಾಕಲು ಕೂತಾಗ ಗೊತ್ತಾಯಿತು, ವೇದಿಕೆಯ ಮೇಲೆ ನಡುಗದ ನನ್ನ ಕೈ ಸೀಸದ ತಂತಿಯ ಮುಂದೆ ನಡುಗುತ್ತದೆ. ಹೊರಗೆ ನೋಡಲು ಬೆಳ್ಳಗೆ ಹೊಳೆಯುವ ಬೆಸುಗೆ ಒಳಗೆ ಹಿಡಿದಿರುತ್ತಿರಲಿಲ್ಲ. ಮುಟ್ಟಿದರೆ ಹಾಡು ಬರುತ್ತಿತ್ತು, ಕೈ ತೆಗೆದರೆ ಹೋಗುತ್ತಿತ್ತು. ಕಿತ್ತು ಹಾಕಿದೆ, ಹಾಕಿ ಕಿತ್ತೆ. ನಡುವೆ ಕರೆಂಟು ಹೋಗುತ್ತಿತ್ತು, ಬಂದ ಮೇಲೆ ಬೆಸುಗೆ ಕಡ್ಡಿ ಮತ್ತೆ ಕಾಯುವವರೆಗೆ ನಾನೂ ಕಾಯುತ್ತ ಕೂರಬೇಕು. ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಅವ್ವ ಅಡುಗೆಮನೆಯಲ್ಲಿ ಮಿಕ್ಸರ್ ತಿರುಗಿಸಿದಳು, ಹೆಡ್‌ಫೋನಿನಲ್ಲಿ ಜೋಳ ಹುರಿದಂತೆ ಚಟಪಟ ಎಂದಿತು. ಚಿಪ್ಪಿನ ಕಾಲಿನ ಹತ್ತಿರವೇ ಒಂದು ಕೆಪಾಸಿಟರ್ ಕೂರಿಸಿದಾಗ ಅದು ನಿಂತಿತು. ಇಷ್ಟು ತಿಳಿಯಲು ನಾನು ಓದಿದ ಆನ್‌ಲೈನಿನ ಜಗಳಗಂಟ ವೇದಿಕೆಗಳ ಲೆಕ್ಕ ಇಟ್ಟಿಲ್ಲ. ಅಲ್ಲಿ ಎಲ್ಲರೂ ಎಲ್ಲರಿಗಿಂತ ಬಲ್ಲವರು.

ಬೆಸುಗೆಯ ರಾಳದ ಹೊಗೆಗೆ ಅವ್ವ, ಮೊಹರಮ್ಮಿನ ಅಲಾಯಿ ದೇವರ ಮುಂದ ಲೋಬಾನ ಹಾಕಿದಂಗ ಐತಿ, ದೇವರು ಯಾವಾಗ ಕೂಡ್ತಾನ ಅಂತ ಕೇಳುತ್ತಿದ್ದಳು.

ಸ್ವಿಚ್ ಬೋರ್ಡಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ದೇವರು ಕೂತಿತು. ಅದಕ್ಕೆ ನಾನು ತುಂಬಿದ್ದು ಚರ್ಚಾಕೂಟದ ನಿಯಮವನ್ನೇ: ಮೊದಲು ಬೆಳಗಿದವರಿಗೆ ದಾರಿ, ಅವರ ಬೆಳಕು ಆರಿದ ಮೇಲೆ ಮುಂದಿನವರಿಗೆ. ಯಾರೂ ವೈರು ಕೀಳಬೇಕಿಲ್ಲ, ಏನನ್ನೂ ಒತ್ತಬೇಕಿಲ್ಲ. ಯಾರ ಸರದಿ ನಡೆದಿದೆ ಎಂದು ತೋರಿಸಲು ಮೂರು ಪುಟ್ಟ ದೀಪ. ರಜೆಯ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ತೋರಿಸಿದೆ. ಟಿ.ವಿ. ಹಚ್ಚಿದೆ, ಟಿ.ವಿ. ಕೇಳಿಸಿತು. ಟಿ.ವಿ. ಆರಿಸಿ ಕಂಪ್ಯೂಟರಿನಲ್ಲಿ ಅತ್ತೆಗೆ ಕರೆ ಮಾಡಿದೆ. ಸಣ್ಣದೊಂದು ಟಪ್ ಸದ್ದಾಗಿ ಅತ್ತೆ ಅಪ್ಪನ ಕಿವಿಗೆ ಬಂದಳು.

ಅಪ್ಪ ಬಹಳ ಹೊತ್ತು ಕೇಳಿ, ನನ್ನ ಕಡೆ ತಿರುಗಿ, "ಅಕ್ಕನ ದನಿ ಸಣ್ಣ ಆಗೇತಿ" ಅಂದ.

ಪೆಟ್ಟಿಗೆಯ ಬಗ್ಗೆ ಒಂದು ಮಾತಿಲ್ಲ. ನನಗೆ ಅದೇ ಸಾಕಾಯಿತು. ಪೆಟ್ಟಿಗೆ ಇದೆ ಎಂಬುದೇ ಮರೆತು ಹೋಗುವುದಲ್ಲವೇ ಪೆಟ್ಟಿಗೆಯ ಯಶಸ್ಸು ಎಂದು ನನಗೆ ನಾನೇ ಭಾಷಣ ಮಾಡಿಕೊಂಡೆ.

ಸಂಜೆ ನಾನು ಮನೆಯಲ್ಲಿ ಇರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗಿನಲ್ಲಿ ತರ್ಕ ಕಲಿಸುತ್ತೇನೆ. ತಿರುಗಿ ಬಂದು, ಅತ್ತಿ ಏನಂದ್ಲು ಎಂದು ಅಪ್ಪನನ್ನು ಕೇಳಿದರೆ, ಆರಾಮ ಅದಾಳ ಅನ್ನುತ್ತಿದ್ದ. ಮರುದಿನವೂ ಆರಾಮ ಅದಾಳ. ಅದರ ಮರುದಿನವೂ ಅದೇ. ಬೇರೆ ಯಾರಾದರೂ ಹೀಗೆ ಒಂದೇ ಉತ್ತರ ಕೊಟ್ಟಿದ್ದರೆ ಅಲ್ಲೇ ಹಿಡಿದು ನಿಲ್ಲಿಸುತ್ತಿದ್ದೆ. ಆದರೆ ಲೋಕವನ್ನೆಲ್ಲ ಅನುಮಾನಿಸುವವರಿಗೂ ತಾವು ಕಟ್ಟಿದ ಪೆಟ್ಟಿಗೆಯ ಮೇಲೆ ಭಕ್ತಿ ಇರುತ್ತದೆ.

ಒಂದು ದಿನ ಬೆಳಿಗ್ಗೆ ಅಪ್ಪನ ಫೋನಿಗೆ ಅತ್ತೆಯ ಮಗ ಕರೆ ಮಾಡಿದ. ಅಪ್ಪ ಸಂತೆಗೆ ಹೋಗಿದ್ದ, ನಾನು ತೆಗೆದುಕೊಂಡೆ. ಕುಷ್ಟಗಿಯ ಹಳೆಯ ಮನೆ ಕೆಡವಿ ಆಗಿದೆಯಂತೆ, ಅದೇ ಜಾಗದಲ್ಲಿ ಹೊಸದು ಕಟ್ಟುತ್ತಾರಂತೆ, ಅವರೆಲ್ಲ ಸದ್ಯಕ್ಕೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರಂತೆ. ಅತ್ತೆಯ ಸಾಮಾನು ಯಲಬುರ್ಗಿಯ ಮಗಳ ಮನೆಗೆ ಹೋಗಿದೆ, ಕಾರು ಸಿಕ್ಕ ದಿನ ಅತ್ತೆಯೂ ಹೋಗುತ್ತಾಳೆ. ಹೇಳುವಾಗ ಅವನ ದನಿಯಲ್ಲಿ ಒಂದು ಮುಳ್ಳಿತ್ತು. ನಾನು ಅದನ್ನು ಹಿಡಿದು ಎಳೆದೆ.

"ಮೊದಲ ನಿಮ್ಮನಿಗೆ ಬರಬೇಕಂತ ಇತ್ತು ಅವ್ವಗ" ಅಂದ. "ಮಾವನ್ನ ಕೇಳಿದ್ಲು. ಯಲಬುರ್ಗಿಗೆ ಹೋಗಲೋ, ನಿನ್ನ ಹತ್ರ ಬರಲೋ ತಮ್ಮಾ ಅಂತ. ಮಾವ ಆಗಲಿ ಆಗಲಿ, ಛಲೋ ಆತು ಅಂದ. ಹೋಗ್ಲಿ, ಅಷ್ಟು ದೊಡ್ಡ ಮನಿ ಕೆಡವಿದ್ವಿ, ಯಾಕ ಕೆಡವಿದ್ರಿ ಅಂತನೂ ಕೇಳಲಿಲ್ಲ."

ಅಪ್ಪ ಕಾಯಿಪಲ್ಯೆಯ ಚೀಲ ಕೆಳಗಿಡುವ ಮೊದಲೇ ಶುರು ಮಾಡಿದೆ. ಅತ್ತೆ ಏನು ಕೇಳಿದ್ದಳು ಎಂದೆ. ಆರಾಮ ಅದಾಳ ಅಂದ. ಕುಷ್ಟಗಿಯ ಮನೆ ಹೇಗಿದೆ ಎಂದೆ. ಮನಿಗೇನಾಗೇತಿ, ಛಲೋ ಐತಿ ಅಂದ. ಕೆಡವಿ ಎಷ್ಟು ದಿನವಾಯಿತು ಎಂದೆ. ಅಪ್ಪ ನನ್ನ ಬಾಯಿಯನ್ನೇ ನೋಡಿದ. ತಪ್ಪಾಗಿ ಕೇಳಿಸಿತೇನೋ ಎಂಬಂತೆ ಅವ್ವನ ಕಡೆಗೂ ನೋಡಿದ. ನಾನು ಮತ್ತೊಮ್ಮೆ, ಜೋರಾಗಿ ಹೇಳಿದೆ. ಅವನು ಚೀಲವನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದ.

"ವಕೀಲಕಿ ಆಗಬೇಕಿತ್ತು ನೀ" ಅಂದಳು ಅವ್ವ. "ಹೆತ್ತಪ್ಪನ್ನ ಕಟಕಟಿಗೆ ನಿಲ್ಲಸ್ತಿ."

"ಅತ್ತಿ ಆದ್ರೂ ಮತ್ತೊಮ್ಮೆ ಕೇಳಬೇಕಿತ್ತಿಲ್ಲ? ಇಷ್ಟು ದಿನ ದಿನಾ ಮಾತಾಡ್ಯಾಳ."

"ತವರ ಮನಿಗೆ ಬರಲೇನು ಅಂತ ಹೆಣ್ಣುಮಕ್ಕಳು ಒಮ್ಮೆ ಕೇಳ್ತಾರ. ಎರಡನೇ ಸಲ ಕೇಳಿದ್ರ ಅದು ಬೇಡಿದಂಗ."

ಒಬ್ಬನು ಅಕ್ಕನ ಮಾತನ್ನು ಮತ್ತೆ ಕೇಳಬಾರದು. ಇನ್ನೊಬ್ಬಳು ತವರನ್ನು ಮತ್ತೆ ಕೇಳಬಾರದು. ಎರಡು ಮರ್ಯಾದೆಗಳ ನಡುವೆ ಒಂದು ಪ್ರಶ್ನೆ ಬಿದ್ದುಹೋಗಿದೆ, ಎತ್ತುವವರು ಯಾರೂ ಇಲ್ಲ. ಇಂಥ ಜನಕ್ಕೆ ಡಿಜಿಟಲ್ ಸದ್ದು ಕೊಡಲು ನಾನು ಬೆರಳು ಸುಟ್ಟುಕೊಂಡಿದ್ದೆ.

ಆದರೆ ನನ್ನ ಮುಖ್ಯ ಸಂಕಟ ಬೇರೆ. ಪೆಟ್ಟಿಗೆ ಕೆಲಸ ಮಾಡುತ್ತಿತ್ತಲ್ಲ? ನಾನೇ ತೋರಿಸಿದ್ದೆನಲ್ಲ? ಆ ಸಂಜೆ ಕ್ಲಾಸಿಗೆ ರಜೆ ಹಾಕಿ ಮೂಲೆಯಲ್ಲಿ ಕೂತೆ. ಅವ್ವ ದೇವರಿಗೆ ದೀಪ ಹಚ್ಚಿ ಬಂದು ಧಾರಾವಾಹಿ ನೋಡುತ್ತಿದ್ದಳು. ಕಂಪ್ಯೂಟರಿನ ಮೇಲೆ ಅತ್ತೆಯ ಮುಖ ಮೂಡಿತು. ಅಪ್ಪ ಹೆಡ್‌ಫೋನ್ ಹಾಕಿಕೊಂಡು ಕೂತ. ಅವ್ವ ಮರ್ಯಾದೆಯಿಂದ ರಿಮೋಟು ಎತ್ತಿ ಟಿ.ವಿ.ಯ ಸದ್ದು ಅಡಗಿಸಿ ಒಳಗೆ ಹೋದಳು. ಪರದೆಯ ಮೇಲೆ ಯಾರೋ ಸೊಸೆ ಸದ್ದಿಲ್ಲದೆ ಅಳುತ್ತಿದ್ದಳು. ಕಂಪ್ಯೂಟರಿನಲ್ಲಿ ಅತ್ತೆ ಸದ್ದಿಲ್ಲದೆ ಮಾತಾಡುತ್ತಿದ್ದಳು. ನನ್ನ ಪೆಟ್ಟಿಗೆಯ ಮೇಲೆ ಟಿ.ವಿ.ಯ ದೀಪ ಸ್ಥಿರವಾಗಿ ಉರಿಯುತ್ತಿತ್ತು.

ಅಪ್ಪ ಏನನ್ನೋ ಕೇಳಲು ಬಾಯಿ ತೆರೆದ, ಅತ್ತೆಯ ತುಟಿ ಇನ್ನೂ ಆಡುತ್ತಿರುವುದನ್ನು ಕಂಡು ಮುಚ್ಚಿದ. ಆಮೇಲೆ ತಲೆ ಆಡಿಸಿದ. ನನಗೆ ವಿಷಯ ಅರ್ಥವಾಗುವಷ್ಟರಲ್ಲಿ ಅತ್ತೆ ಕೈ ಎತ್ತಿ ಕರೆ ಮುಗಿಸಿದ್ದಳು.

"ಟಿ.ವಿ. ಆರಿಸಬೇಕಿತ್ತಿಲ್ಲ?" ಎಂದು ಅವ್ವನ ಮೇಲೆ ಹರಿಹಾಯ್ದೆ.

"ದೀಪ ಹಚ್ಚೂ ಹೊತ್ತಿನ್ಯಾಗ ಮನ್ಯಾಗಿನ ಬೆಳಕು ಯಾರರೆ ಆರಸ್ತಾರೇನು?"

ಆರಿಸುವುದಿಲ್ಲ. ನಮ್ಮ ಮನೆಯಲ್ಲಿ ಎಂದೂ ಆರಿಸಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಬಲ್ಬು, ಟ್ಯೂಬು, ಟಿ.ವಿ., ಬೆಳಗುತ್ತಿರುವುದು ಯಾವುದೇ ಇರಲಿ, ಕತ್ತಲಾಗುವವರೆಗೆ ಅವ್ವ ಅದನ್ನು ನಂದಿಸುವುದಿಲ್ಲ, ಬೇಕಿದ್ದರೆ ಬಾಯಿ ಮುಚ್ಚಿಸುತ್ತಾಳೆ. ನಾನು ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ಅತ್ತೆ ಕರೆ ಮಾಡುವುದೂ ಅದೇ ಹೊತ್ತಿಗೆ. ನಾನು ಪರೀಕ್ಷೆ ಮಾಡಿದ್ದು ಬೆಳಿಗ್ಗೆ.

ಬಾಯಿ ಮುಚ್ಚಿದ ಟಿ.ವಿ. ಸುಮ್ಮನಾಗುವುದಿಲ್ಲ. ಇದು ಡಿಜಿಟಲ್ ಸದ್ದಿನ ಲಕ್ಷಣ. ಹೇಳಲು ಏನೂ ಇಲ್ಲದಾಗಲೂ ವೈರಿನ ತುದಿಯಲ್ಲಿ ಕೆಂಪು ಬೆಳಕು ಮಿಣುಕುತ್ತಲೇ ಇರುತ್ತದೆ, ಸೊನ್ನೆ ಸೊನ್ನೆ ಸೊನ್ನೆ ಎಂದು ಕಳಿಸುತ್ತಲೇ ಇರುತ್ತದೆ. ನನ್ನ ಪೆಟ್ಟಿಗೆ ಬೆಳಕು ನೋಡುತ್ತಿತ್ತೇ ಹೊರತು ಅದರಲ್ಲಿ ಮಾತಿದೆಯೇ ಎಂದು ನೋಡುತ್ತಿರಲಿಲ್ಲ. ಚರ್ಚಾಕೂಟಗಳಲ್ಲಿ ಇಂಥವರನ್ನು ಕಂಡಿದ್ದೇನೆ. ವಿಷಯ ಮುಗಿದಿರುತ್ತದೆ, ಮೈಕು ಬಿಡುವುದಿಲ್ಲ, ಹಿಡಿದುಕೊಂಡು ಗಂಭೀರವಾಗಿ ನಿಂತಿರುತ್ತಾರೆ. ಅಲ್ಲಿಯ ನಿಯಮವನ್ನು ಯಥಾವತ್ತು ತಂದವಳು ಆ ಮೈಕು ಬಿಡದವನನ್ನು ಮಾತ್ರ ಮರೆತು ಬಂದಿದ್ದೆ.

ಮೌನವನ್ನು ಗುರುತಿಸಿ ದಾರಿಯನ್ನು ಮುಂದಿನವರಿಗೆ ಬಿಡುವಂತೆ ಪ್ರೋಗ್ರಾಮ್ ತಿದ್ದಬಹುದಿತ್ತು. ಯೋಚಿಸಿದೆ. ಆದರೆ ಧಾರಾವಾಹಿಯಲ್ಲಿ ಅತ್ತೆ ಸೊಸೆಯನ್ನು ದಿಟ್ಟಿಸಿ ನಿಂತರೆ ಅರ್ಧ ಹೊತ್ತು ಮೌನವೇ, ಪೆಟ್ಟಿಗೆ ಅಷ್ಟರಲ್ಲಿ ಇನ್ನೆಲ್ಲಿಗೋ ಜಿಗಿಯುತ್ತದೆ. ಎಷ್ಟು ಹೊತ್ತಿನ ಮೌನ ಮೌನ, ಎಷ್ಟು ಹೊತ್ತಿನದು ಬರೀ ಉಸಿರು? ಪರವಾಗಿ ವಾದಿಸಿದೆ, ವಿರೋಧವಾಗಿ ವಾದಿಸಿದೆ, ಕೊನೆಗೆ ಸಿಟ್ಟು ಬಂದು ಪ್ರೋಗ್ರಾಮ್ ತುಂಬಿದ ಬೋರ್ಡನ್ನೇ ಡಬ್ಬಿಯಿಂದ ಕಿತ್ತು ಹಾಕಿದೆ. ಅಷ್ಟು ದಿನದ ತಲೆಕೆಲಸ ಅಂಗೈಯಲ್ಲಿ ಬಿಸ್ಕತ್ತಿನಷ್ಟು ಹಗುರವಾಗಿತ್ತು. ಅದರ ಜಾಗದಲ್ಲಿ ಫ್ಯಾನಿನ ರೆಗ್ಯುಲೇಟರಿನಂಥ ಒಂದು ದೊಡ್ಡ ತಿರುಗುಗುಂಡಿ ಕೂರಿಸಿದೆ. ಮೂರು ಮನೆ, ಮೂರು ಗುರುತು. ಯಾರ ಮಾತು ಬೇಕೋ ಆ ಕಡೆ ಕೈಯಿಂದ ತಿರುಗಿಸಬೇಕು. ಯಾವ ಜಾಣತನವೂ ಇಲ್ಲ. ಮೊದಲ ದಿನವೇ ಇದನ್ನು ಮಾಡಬಹುದಿತ್ತು, ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಮರುದಿನ ಸಂಜೆ ಗುಂಡಿಯನ್ನು ಅಪ್ಪನಿಗೇ ತೋರಿಸಿದೆ. ಅವನು ಹೆಡ್‌ಫೋನ್ ಹಾಕಿಕೊಂಡು, ಕರೆ ಬರುವ ಮೊದಲೇ ಕಟಕ್ ಎಂದು ಕಂಪ್ಯೂಟರಿನ ಕಡೆ ತಿರುಗಿಸಿ ಕೂತ. ನಾನು ಪಕ್ಕದಲ್ಲಿ ಕೂತೆ. ಅಪ್ಪನಿಗೆ ಬೇಕಾಗುವಷ್ಟು ಜೋರು ಇಟ್ಟರೆ ಹೆಡ್‌ಫೋನಿನಿಂದ ಸೋರಿದ ಮಾತು ಪಕ್ಕದವರಿಗೂ ಕೇಳುತ್ತದೆ. ಹಿಂದೆ ಟಿ.ವಿ.ಯಲ್ಲಿ ಎಂದಿನಂತೆ ಸದ್ದಿಲ್ಲದ ಅಳು ನಡೆದಿತ್ತು.

ಅತ್ತೆ, ಉಂಡಿಯೇನು, ಆರಾಮ ಇದ್ದೀಯೇನು ಎಂದು ಕೇಳಿ ನಿಲ್ಲಿಸಿದಳು. ಅಷ್ಟೇ ಕೇಳಿ ಮುಗಿಸುವ ರೂಢಿ ಅವಳಿಗೆ ಆಗಿಹೋಗಿದೆ ಎಂದು ಅದರಲ್ಲೇ ಗೊತ್ತಾಗುತ್ತಿತ್ತು.

"ಅಕ್ಕಾ, ಮನಿ ಕೆಡವೀರಂತ" ಅಂದ ಅಪ್ಪ.

"ಹೇಳಿದ್ನಲ್ಲ."

ಅಪ್ಪ ಒಂದು ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದ. "ನನಗ ಕೇಳಿಸಿರಲಿಲ್ಲ."

ಆ ಮಾತನ್ನು ಅವನ ಬಾಯಿಂದ ನಾನು ಅದೇ ಮೊದಲು ಕೇಳಿದ್ದು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಕೇಳಿಸಲಾರದನ ಛಲೋ ಆತು ಅಂದೇನು?" ಅತ್ತೆಯ ದನಿ ತೆಳ್ಳಗೆ, ಚೂಪಾಗಿ ಸೋರಿ ಬಂತು.

"ಅಂದೆ. ಏನು ಕೇಳಿದ್ದಿ, ಮತ್ತೊಮ್ಮೆ ಹೇಳು."

"ಒಮ್ಮೆ ಕೇಳೀನಿ. ಮತ್ತ ಕೇಳಂಗಿಲ್ಲ."

ನಾನು ಮುಂದೆ ಬಾಗಿ ವಿವರಿಸಲು ಹೊರಟೆ. ಟಿ.ವಿ. ಬಗ್ಗೆ, ಪೆಟ್ಟಿಗೆ ಬಗ್ಗೆ, ಸೊನ್ನೆಗಳ ಬಗ್ಗೆ ಹೇಳಲು ನನ್ನ ಹತ್ತಿರ ಸಾಕಷ್ಟಿತ್ತು. ಅಪ್ಪ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ತಡೆದ.

"ನೀ ಕೇಳಬ್ಯಾಡ ಅಕ್ಕಾ. ನಾ ಕೇಳ್ತೀನಿ. ಇಲ್ಲಿಗೆ ಬರ್ತೀಯೇನು?"

ಅತ್ತೆ ಮಾತಾಡಲಿಲ್ಲ. ನಾನು ಅಭ್ಯಾಸಬಲದಿಂದ ಪೆಟ್ಟಿಗೆ ನೋಡಿದೆ. ಗುಂಡಿ ಸರಿಯಾದ ಮನೆಯಲ್ಲೇ ಇತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು, ಆ ಸರಸರ ಸದ್ದೂ ಕೇಳಿಸಿತು.

"ಸಾಮಾನೆಲ್ಲಾ ಯಲಬುರ್ಗಿಗೆ ಹೋಗ್ಯಾವ" ಅಂದಳು.

"ಸಾಮಾನು ಅಲ್ಲೇ ಇರಲಿ."

"ನೋಡೋಣ."

ಕರೆ ಮುಗಿಯಿತು. ನೋಡೋಣ ಎನ್ನುವುದು ಉತ್ತರವೇ ಅಲ್ಲ. ಪರವೂ ಅಲ್ಲ, ವಿರೋಧವೂ ಅಲ್ಲ, ಯಾವ ತೀರ್ಪುಗಾರರೂ ಇದಕ್ಕೆ ಅಂಕ ಕೊಡುವುದಿಲ್ಲ. ಹಾಗೆಂದು ಅಪ್ಪನಿಗೆ ಹೇಳಿದೆ.

"ಬರ್ತಾಳ" ಅಂದ ಅಪ್ಪ.

"ಹಂಗ ಅಂದಿಲ್ಲಲ್ಲ ಆಕಿ. ನಾನೂ ಕೇಳೀನಿ."

"ನಿನಗ ಕೇಳಿಸಿಲ್ಲ ಬಿಡು, ಮಗಳ" ಎಂದು ಗುಂಡಿಯನ್ನು ಟಿ.ವಿ.ಯ ಕಡೆ ತಿರುಗಿಸಿ ಎದ್ದು ಹೋದ.

ಇದನ್ನು ಬರೆಯುವ ಹೊತ್ತಿಗೆ ಅತ್ತೆ ಯಲಬುರ್ಗಿಯಲ್ಲಿದ್ದಾಳೆ. ಅಪ್ಪ ದಿನಾ ಸಂಜೆ ಕೇಳುತ್ತಾನೆ, ಅವಳು ದಿನಾ ನೋಡೋಣ ಅನ್ನುತ್ತಾಳೆ. ಒಮ್ಮೊಮ್ಮೆ ಇಬ್ಬರೂ ಜಗಳಕ್ಕೆ ಬೀಳುತ್ತಾರೆ, ಅಪ್ಪನ ದನಿ ಓಣಿಗೆ ಕೇಳುತ್ತದೆ. ನನ್ನ ಮಟ್ಟಿಗೆ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ನಿನ್ನೆ ಕ್ಲಾಸಿನಿಂದ ಬಂದು ನೋಡಿದರೆ, ಪಡಸಾಲೆಯ ಪಕ್ಕದ ಕೋಣೆಯಲ್ಲಿದ್ದ ನನ್ನ ಬೆಸುಗೆ ಕಡ್ಡಿ, ವೈರಿನ ಸುರುಳಿ, ಉಳಿದ ಚಿಪ್ಪುಗಳನ್ನೆಲ್ಲ ಅವ್ವ ಒಂದು ಬಕೆಟ್ಟಿಗೆ ಸುರಿದು ಅಟ್ಟಕ್ಕೆ ಏರಿಸಿದ್ದಳು. ಯಾರನ್ನು ಕೇಳಿ ಎಂದು ಜಗಳ ತೆಗೆದೆ. ಅಲ್ಲಿ ಅತ್ತೆಯ ಮಂಚ ಹಾಕಬೇಕಂತೆ.